ಊರಿನ ಹಿರಿಯರಿಗೆ ಬೇಕಾದ ಆರೋಗ್ಯ ಸೇವೆ ಯಾವುದು? ಕೊಡಗಿನ ಗ್ರಾಮಗಳಿಗೆ ಒಂದು ಮಾರ್ಗದರ್ಶಿ

"ನಮ್ಮ ಊರಿನ ಹಿರಿಯರಿಗಾಗಿ ಒಂದು ಆರೋಗ್ಯ ಶಿಬಿರ ಮಾಡಿಸಬೇಕೆಂದಿದ್ದೇವೆ, ಯಾರನ್ನು ಕೇಳಬೇಕು?" ಎಂಬ ಪ್ರಶ್ನೆ ಸ್ವಸಹಾಯ ಸಂಘಗಳಿಂದ, ಯುವಕ ಸಂಘಗಳಿಂದ, ಸಮಾಜಗಳ ಪದಾಧಿಕಾರಿಗಳಿಂದ ಮತ್ತೆ ಮತ್ತೆ ಬರುತ್ತಿದೆ. ಶಿಬಿರ ಮಾಡಿಸುವುದು ದೊಡ್ಡ ಕೆಲಸವೇನಲ್ಲ. ಆದರೆ ಶಿಬಿರಕ್ಕೆ ನಡೆದು ಬರಬಲ್ಲವರು ಹೇಗೂ ಆಸ್ಪತ್ರೆಗೆ ಹೋಗಬಲ್ಲವರೇ ಆಗಿರುತ್ತಾರೆ. ಬರಲಾಗದವರು ಮನೆಯಲ್ಲೇ ಉಳಿಯುತ್ತಾರೆ, ಮತ್ತು ನಿಜವಾದ ಅಗತ್ಯ ಇರುವುದು ಅವರಿಗೇ. ಆದ್ದರಿಂದ ಶಿಬಿರದ ದಿನಾಂಕ ಗೊತ್ತುಮಾಡುವ ಮೊದಲು ನಿಮ್ಮ ಊರಿನ ಹಿರಿಯರಿಗೆ ಏನು ಬೇಕು ಎಂಬುದನ್ನು ಅವರನ್ನೇ ಕೇಳಿ ತಿಳಿದು, ಅದಕ್ಕೆ ತಕ್ಕ ಸೇವೆಯನ್ನು ಊರಿಗೆ ತರುವ ಕ್ರಮವನ್ನು ಇಲ್ಲಿ ಹಂತಹಂತವಾಗಿ ವಿವರಿಸಲಾಗಿದೆ.

ಮೊದಲು ಎರಡು ಮಾತುಗಳ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳೋಣ. ಹಿರಿಯ ನಾಗರಿಕರೆಂದರೆ, ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣದ 2007ರ ಕಾಯ್ದೆಯ ಪ್ರಕಾರ, 60 ವರ್ಷ ತುಂಬಿದವರು. ಈ ಸೇವೆಗಳ ಗುರಿಯಾದ ಆರೋಗ್ಯ ವರ್ಧನೆ ಎಂದರೆ ಕಾಯಿಲೆಗೆ ಮದ್ದು ಕೊಡುವುದಷ್ಟೇ ಅಲ್ಲ. ಜನರು ತಮ್ಮ ಆರೋಗ್ಯದ ಮೇಲಿನ ಹಿಡಿತವನ್ನು ತಾವೇ ಹೆಚ್ಚಿಸಿಕೊಂಡು ಅದನ್ನು ಉತ್ತಮಪಡಿಸಿಕೊಳ್ಳುವಂತೆ ಮಾಡುವ ಪ್ರಕ್ರಿಯೆ ಎಂದು 1986ರಲ್ಲಿ ಕೆನಡಾದ ಒಟ್ಟಾವಾದಲ್ಲಿ ನಡೆದ ಅಂತಾರಾಷ್ಟ್ರೀಯ ಸಮ್ಮೇಳನ ಅದನ್ನು ವಿವರಿಸಿತು. ಬೀಳದಂತೆ ನೋಡಿಕೊಳ್ಳುವುದು, ಉಪ್ಪು ಕಡಿಮೆ ಮಾಡುವುದು, ಮಾತ್ರೆ ತಪ್ಪದಂತೆ ವ್ಯವಸ್ಥೆ ಮಾಡುವುದು, ಒಂಟಿಯಾಗಿರುವವರಿಗೆ ನಾಲ್ಕು ಜನರ ಒಡನಾಟ ಒದಗಿಸುವುದು ಇವೆಲ್ಲ ಅದರೊಳಗೆ ಬರುತ್ತವೆ.

ಕೊಡಗಿನಲ್ಲಿ ಈ ಕೆಲಸಕ್ಕೆ ತನ್ನದೇ ಆದ ತೊಡಕುಗಳಿವೆ. 4,102 ಚದರ ಕಿಲೋಮೀಟರ್ ವಿಸ್ತೀರ್ಣದ ಈ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ ಇದ್ದವರು ಸುಮಾರು 5.54 ಲಕ್ಷ ಜನ. ಬಯಲುಸೀಮೆಯ ಹಳ್ಳಿಗಳಲ್ಲಿರುವಂತೆ ಮನೆಗಳು ಇಲ್ಲಿ ಒತ್ತೊತ್ತಾಗಿಲ್ಲ. ಒಂದು ಮನೆಗೂ ಮುಂದಿನ ಮನೆಗೂ ನಡುವೆ ಕಾಫಿ ತೋಟವಿದೆ, ಗದ್ದೆಯಿದೆ, ಏರುದಾರಿಯಿದೆ. ಮಕ್ಕಳು ಬೆಂಗಳೂರಿನಲ್ಲೋ ವಿದೇಶದಲ್ಲೋ ನೆಲೆಸಿ, ದೊಡ್ಡ ಮನೆಯಲ್ಲಿ ಇಬ್ಬರೇ ಅಥವಾ ಒಬ್ಬರೇ ಉಳಿದಿರುವ ಹಿರಿಯರು ಒಂದು ಕಡೆಯಾದರೆ, ದುಡಿಯುವ ಶಕ್ತಿ ಕುಂದಿದ ಮೇಲೂ ಲೈನ್ ಮನೆಯಲ್ಲೇ, ಅಂದರೆ ತೋಟದ ಸಾಲುಮನೆಯಲ್ಲೇ, ಇರುವ ತೋಟ ಕಾರ್ಮಿಕರು ಮತ್ತು ಹಾಡಿಗಳ, ಅಂದರೆ ಬುಡಕಟ್ಟು ಜನವಸತಿಗಳ, ಎರವ, ಕುರುಬ, ಪಣಿಯ ಹಿರಿಯರು ಇನ್ನೊಂದು ಕಡೆ. ಇವರೆಲ್ಲರಿಗೂ ಒಂದೇ ಸೇವೆ ಹೊಂದುತ್ತದೆಂದು ಎಣಿಸುವುದೇ ಮೊದಲ ತಪ್ಪು.

ಬೇಕಾಗುವ ಸಿದ್ಧತೆ

ಮೂರು ನಾಲ್ಕು ಮಂದಿಯ ತಂಡ ಸಾಕು. ಅದರಲ್ಲಿ ಕನಿಷ್ಠ ಇಬ್ಬರು ಮಹಿಳೆಯರಿರಲಿ, ಮತ್ತು ತಂಡದ ಒಟ್ಟು ಭಾಷೆಗಳಲ್ಲಿ ಕನ್ನಡದ ಜೊತೆಗೆ ನಿಮ್ಮ ಊರಿಗೆ ತಕ್ಕಂತೆ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು ಅಥವಾ ಎರವರ ಭಾಷೆ ಸೇರಿರಲಿ. ಒಂದು ಗಟ್ಟಿ ರಟ್ಟಿನ ಪುಸ್ತಕ, ತೂಕದ ಯಂತ್ರ, ತೋಳಿಗೆ ಕಟ್ಟುವ ಡಿಜಿಟಲ್ ರಕ್ತದೊತ್ತಡ ಮಾಪಕ ಮತ್ತು ಸೆಕೆಂಡು ತೋರಿಸುವ ಕೈಗಡಿಯಾರ ಇಷ್ಟೇ ಉಪಕರಣ. ಮಾಪಕ ಕೊಳ್ಳುವ ಮೊದಲು ಪಂಚಾಯಿತಿಯಲ್ಲಿ ಅಥವಾ ಆರೋಗ್ಯ ಉಪಕೇಂದ್ರದಲ್ಲಿ ಇದೆಯೇ ಎಂದು ವಿಚಾರಿಸಿ.

ಸಮಯದ ಆಯ್ಕೆ ಉಪಕರಣಕ್ಕಿಂತ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಮನೆಮನೆ ಸುತ್ತುವುದು ಆಗದ ಮಾತು. ನವೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಗದ್ದೆ ಕೊಯ್ಲು, ಪುತ್ತರಿ ಹಬ್ಬ, ಕಾಫಿ ಕೊಯ್ಲು ಒಂದರ ಹಿಂದೆ ಒಂದು ಬರುವುದರಿಂದ ಯಾರೂ ಕೈಗೆ ಸಿಗುವುದಿಲ್ಲ. ಏಪ್ರಿಲ್ ಮತ್ತು ಮೇ ತಿಂಗಳು ಅತ್ಯಂತ ಅನುಕೂಲ. ಕಂಡುಬಂದ ತುರ್ತು ಅಗತ್ಯಗಳನ್ನು ಮಳೆಗೆ ಮುನ್ನವೇ ಪೂರೈಸಲು ಆಗ ಅವಕಾಶವೂ ಸಿಗುತ್ತದೆ.

ಹಂತ 1: ವ್ಯಾಪ್ತಿಯನ್ನು ಗುರುತಿಸಿ, ಪಟ್ಟಿ ಮಾಡಿ

ಇಡೀ ಪಂಚಾಯಿತಿಯನ್ನು ಒಮ್ಮೆಲೇ ಕೈಗೆತ್ತಿಕೊಳ್ಳಬೇಡಿ. ಒಬ್ಬ ಆಶಾ ಕಾರ್ಯಕರ್ತೆಯ ವ್ಯಾಪ್ತಿಯಷ್ಟು ಪ್ರದೇಶ ಸಾಕು. ಅವರ ಬಳಿ ಮನೆಗಳ ದಾಖಲೆ ಇರುತ್ತದೆ. ಅದರಿಂದ 60 ದಾಟಿದವರ ಪಟ್ಟಿ ತಯಾರಿಸಿ.

ಮತದಾರರ ಪಟ್ಟಿಯೊಂದನ್ನೇ ನಂಬಿದರೆ ಎಡವುತ್ತೀರಿ. ಊರು ಬಿಟ್ಟು ಹೋದವರ ಹೆಸರು ಅದರಲ್ಲಿ ಉಳಿದಿರುತ್ತದೆ, ಬೇರೆ ಊರಿನಿಂದ ಬಂದು ಲೈನ್ ಮನೆಯಲ್ಲಿ ವರ್ಷಗಟ್ಟಲೆ ಇರುವವರ ಹೆಸರು ಇರುವುದೇ ಇಲ್ಲ. ತೋಟಗಳ ಒಳಗಿನ ಹಿರಿಯರ ಬಗ್ಗೆ ತೋಟದ ಲೆಕ್ಕ ಬರೆಯುವ ರೈಟರ್ ಅಥವಾ ಮೇಸ್ತ್ರಿಯನ್ನು, ಹಾಡಿಯಲ್ಲಿ ಅಲ್ಲಿನ ಯಜಮಾನರನ್ನು ಅಥವಾ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ. ವಯಸ್ಸಿನ ದಾಖಲೆ ಇಲ್ಲದವರನ್ನು ಆ ಕಾರಣಕ್ಕಾಗಿ ಕೈಬಿಡಬೇಡಿ. ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ಮೂರು ಗುರುತು ಹಾಕಿ: ಒಂಟಿಯಾಗಿದ್ದಾರೆಯೇ, ಮನೆಯಿಂದ ಹೊರಬರಲಾಗದ ಸ್ಥಿತಿಯಲ್ಲಿದ್ದಾರೆಯೇ, ಮನೆಯ ತನಕ ಮಳೆಗಾಲದಲ್ಲಿ ವಾಹನ ಹೋಗುತ್ತದೆಯೇ. ಮುಂದಿನ ಅರ್ಧ ನಿರ್ಧಾರಗಳು ಈ ಮೂರು ಗುರುತುಗಳ ಮೇಲೆಯೇ ನಿಲ್ಲುತ್ತವೆ.

ಹಂತ 2: ಈಗಾಗಲೇ ಇರುವ ಸೇವೆ ಏನೆಂದು ತಿಳಿಯಿರಿ

ನಿಮ್ಮ ಉಪಕೇಂದ್ರ, ಅಂದರೆ ಈಗ ಆಯುಷ್ಮಾನ್ ಆರೋಗ್ಯ ಮಂದಿರವೆಂದು ಕರೆಯಲ್ಪಡುವ ಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೂ ಭೇಟಿಯಾಗಿ. 2010ರಲ್ಲಿ ಆರಂಭವಾದ ರಾಷ್ಟ್ರೀಯ ವಯೋವೃದ್ಧರ ಆರೋಗ್ಯ ಆರೈಕೆ ಕಾರ್ಯಕ್ರಮದ ಪ್ರಕಾರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಮ್ಮೆ ಹಿರಿಯರ ಚಿಕಿತ್ಸಾಲಯ ನಡೆಯಬೇಕು, ಹಾಸಿಗೆ ಹಿಡಿದವರ ಮನೆಗೆ ಉಪಕೇಂದ್ರದ ಸಿಬ್ಬಂದಿ ಭೇಟಿ ನೀಡಬೇಕು, ಜಿಲ್ಲಾ ಆಸ್ಪತ್ರೆಯಲ್ಲಿ ಹಿರಿಯರಿಗಾಗಿ 10 ಹಾಸಿಗೆಗಳ ವಾರ್ಡ್ ಇರಬೇಕು. ನಿಮ್ಮಲ್ಲಿ ಆ ಚಿಕಿತ್ಸಾಲಯ ಯಾವ ದಿನ ನಡೆಯುತ್ತದೆ ಎಂದು ನೇರವಾಗಿ ಕೇಳಿ, ಉತ್ತರವನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ಕರ್ನಾಟಕ ಸರ್ಕಾರದ ಗೃಹ ಆರೋಗ್ಯ ಯೋಜನೆಯಡಿ 30 ವರ್ಷ ದಾಟಿದವರಿಗೆ ಮನೆಬಾಗಿಲಲ್ಲೇ ರಕ್ತದೊತ್ತಡ, ಮಧುಮೇಹ ಮುಂತಾದವುಗಳ ತಪಾಸಣೆ ನಡೆಸುವ ವ್ಯವಸ್ಥೆಯಿದೆ. ಅದು ನಿಮ್ಮ ಊರನ್ನು ತಲುಪಿದೆಯೇ ಎಂದೂ ವಿಚಾರಿಸಿ. ಸರ್ಕಾರಿ ಸಿಬ್ಬಂದಿ ಮಾಡುತ್ತಿರುವ ಕೆಲಸವನ್ನೇ ನೀವು ಮತ್ತೆ ಮಾಡಿದರೆ ಅವರ ವಿಶ್ವಾಸವನ್ನೂ ನಿಮ್ಮ ಸಮಯವನ್ನೂ ಕಳೆದುಕೊಳ್ಳುತ್ತೀರಿ.

ಮಾಜಿ ಸೈನಿಕರ ಸಂಖ್ಯೆ ಹೆಚ್ಚಿರುವ ಜಿಲ್ಲೆ ನಮ್ಮದು. ಅವರಿಗೂ ಅವರ ಪತ್ನಿಯರಿಗೂ ಇಸಿಎಚ್‌ಎಸ್, ಅಂದರೆ ಮಾಜಿ ಸೈನಿಕರ ವಂತಿಗೆ ಆಧಾರಿತ ಆರೋಗ್ಯ ಯೋಜನೆ, 2003ರಿಂದ ಜಾರಿಯಲ್ಲಿದೆ. ಪತಿ ತೀರಿಕೊಂಡ ಮೇಲೆ ತಮ್ಮ ಹಕ್ಕು ಮುಂದುವರಿಯುತ್ತದೆಂದು ತಿಳಿಯದೆ ಸುಮ್ಮನಿರುವ ಹಿರಿಯ ಮಹಿಳೆಯರು ಸಿಕ್ಕರೆ ಅವರ ಕಾರ್ಡಿನ ಬಗ್ಗೆ ಕೇಳಲು ಮರೆಯಬೇಡಿ.

ಹಂತ 3: ಮನೆಗೆ ಹೋಗಿ, ಕೇಳಿ

ಇದು ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದ ಹಂತ. ದಿನಕ್ಕೆ ನಾಲ್ಕೈದು ಮನೆಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ತೋಟಗಳಲ್ಲಿ ಸಾಮಾನ್ಯವಾಗಿ ಸಂತೆಯ ದಿನವೇ ವಾರದ ರಜೆಯಾದ್ದರಿಂದ ಲೈನ್ ಮನೆಗಳಿಗೆ ಆ ದಿನ ಮಧ್ಯಾಹ್ನದ ನಂತರ ಹೋದರೆ ಮನೆಮಂದಿ ಸಿಗುತ್ತಾರೆ. ಕಾಡಾನೆಗಳ ಓಡಾಟವಿರುವ ಸಿದ್ದಾಪುರ, ವಿರಾಜಪೇಟೆ, ಪೊನ್ನಂಪೇಟೆ ಭಾಗಗಳಲ್ಲಿ ಕತ್ತಲಾಗುವ ಮೊದಲೇ ಹಿಂದಿರುಗಿ.

ಭೇಟಿಯ ಉದ್ದೇಶವನ್ನು ಹೇಳಿ, ಒಪ್ಪಿಗೆ ಪಡೆದ ಮೇಲೆಯೇ ಪುಸ್ತಕ ತೆರೆಯಿರಿ. "ನಿಮಗೆ ಏನು ಕಾಯಿಲೆ?" ಎಂದು ಆರಂಭಿಸಿದರೆ ಕಾಯಿಲೆಗಳ ಪಟ್ಟಿ ಸಿಗುತ್ತದೆ, ಅಗತ್ಯ ಸಿಗುವುದಿಲ್ಲ. ಅದರ ಬದಲು ಹೀಗೆ ಕೇಳಿ: ಬೆಳಿಗ್ಗೆ ಎದ್ದಾಗಿನಿಂದ ರಾತ್ರಿಯವರೆಗೆ ದಿನ ಹೇಗೆ ಕಳೆಯುತ್ತದೆ? ಮೊದಲು ಮಾಡುತ್ತಿದ್ದು ಈಗ ಬಿಟ್ಟಿರುವ ಕೆಲಸ ಯಾವುದು, ಏಕೆ ಬಿಟ್ಟಿರಿ? ಕಳೆದ ಒಂದು ವರ್ಷದಲ್ಲಿ ಬಿದ್ದಿದ್ದೀರಾ, ಎಲ್ಲಿ? ಮಾತ್ರೆ ಯಾರು ತಂದುಕೊಡುತ್ತಾರೆ, ಮಳೆಗಾಲದಲ್ಲಿ ಎಷ್ಟು ದಿನ ತಪ್ಪುತ್ತದೆ? ಕರೆಂಟ್ ಮತ್ತು ಫೋನ್ ಎರಡೂ ಇಲ್ಲದಾಗ ಯಾರನ್ನು ಕೂಗುತ್ತೀರಿ? ಕೊನೆಯದಾಗಿ, ಊರಿನಲ್ಲಿ ನಿಮಗಾಗಿ ಒಂದೇ ಒಂದು ವ್ಯವಸ್ಥೆ ಮಾಡುವುದಾದರೆ ಏನು ಮಾಡಬೇಕು?

ಈ ಕೊನೆಯ ಪ್ರಶ್ನೆಯ ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ನಿಮ್ಮ ಭಾಷೆಗೆ ತಿದ್ದಬೇಡಿ. ನೀವು ಮಧುಮೇಹದ ಬಗ್ಗೆ ಉಪನ್ಯಾಸ ಇರಿಸಬೇಕೆಂದು ಹೊರಟಿದ್ದಾಗ ಅವರು ಕೇಳುವುದು ಬಸ್ ನಿಲ್ದಾಣದಲ್ಲಿ ಕೂರಲು ಒಂದು ಕಲ್ಲುಬೆಂಚು ಆಗಿರಬಹುದು. ಅದು ಆರೋಗ್ಯದ ಬೇಡಿಕೆಯಲ್ಲವೆಂದು ತಳ್ಳಿಹಾಕಬೇಡಿ; ಕೂರಲು ಜಾಗವಿಲ್ಲದ ಕಾರಣಕ್ಕೇ ತಿಂಗಳ ಮಾತ್ರೆಗೆ ಹೋಗುವುದನ್ನು ಬಿಟ್ಟವರು ಇದ್ದಾರು.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪುಗಳು ಹಲವು. ಮಗ ಅಥವಾ ಸೊಸೆ ಹಿರಿಯರ ಪರವಾಗಿ ಉತ್ತರಿಸಲು ಬಿಡುವುದು ಅವುಗಳಲ್ಲಿ ಮೊದಲನೆಯದು. ತಂಡದ ಒಬ್ಬರು ಮನೆಯವರೊಡನೆ ಮಾತನಾಡುತ್ತಿರುವಾಗ ಇನ್ನೊಬ್ಬರು ಹಿರಿಯರೊಡನೆ ಜಗಲಿಯಲ್ಲಿ ಕೂರುವುದು ಇದಕ್ಕೆ ಉಪಾಯ. ತೋಟದ ಮಾಲೀಕರ ಅಥವಾ ಮೇಸ್ತ್ರಿಯ ಎದುರಿನಲ್ಲಿ ಕಾರ್ಮಿಕರನ್ನು ಪ್ರಶ್ನಿಸಿದರೆ "ಎಲ್ಲ ಚೆನ್ನಾಗಿದೆ" ಎಂಬುದಷ್ಟೇ ಸಿಗುತ್ತದೆ. ಮದ್ಯ ಮತ್ತು ಹೊಗೆಸೊಪ್ಪಿನ ಪ್ರಶ್ನೆಯನ್ನು ತೀರ್ಪು ಕೊಡುವ ದನಿಯಲ್ಲಿ ಕೇಳಬಾರದು; ರಾತ್ರಿ ಮಾತ್ರೆಯ ಜೊತೆಗೆ ಮದ್ಯ ಸೇವಿಸುವವರಿಗೆ ಬೀಳುವ ಅಪಾಯ ಹೆಚ್ಚು ಎಂಬ ಕಾರಣ ತಿಳಿಸಿಯೇ ಕೇಳಿ. ನಿಂದನೆ ಅಥವಾ ನಿರ್ಲಕ್ಷ್ಯದ ಸುಳಿವು ಸಿಕ್ಕರೆ ಆ ಮನೆಯಲ್ಲೇ ವಾದಕ್ಕಿಳಿಯದೆ, ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಕರೆ ಮಾಡಿ ಮುಂದಿನ ದಾರಿ ಕೇಳಿ.

ಹಂತ 4: ಆರು ಸಾಮರ್ಥ್ಯಗಳ ಸರಳ ಪರೀಕ್ಷೆ

ವಿಶ್ವ ಆರೋಗ್ಯ ಸಂಸ್ಥೆಯು ಹಿರಿಯರ ಸಮಗ್ರ ಆರೈಕೆಗಾಗಿ ರೂಪಿಸಿದ ಕ್ರಮದಲ್ಲಿ ಕಾಯಿಲೆಗಿಂತ ಮೊದಲು ಸಾಮರ್ಥ್ಯವನ್ನು ನೋಡುತ್ತಾರೆ. ಅದನ್ನು ತರಬೇತಿ ಪಡೆದ ಸ್ವಯಂಸೇವಕರೂ ಮಾಡಬಹುದು. ಸಮುದಾಯ ಆರೋಗ್ಯ ಅಧಿಕಾರಿಯಿಂದ ಒಂದು ಮಧ್ಯಾಹ್ನ ಹೇಳಿಸಿಕೊಂಡರೆ ಆಯಿತು.

ಮೊದಲು ನೆನಪು. ಹೂವು, ಬಾಗಿಲು, ಅಕ್ಕಿ ಎಂಬ ಮೂರು ಪದಗಳನ್ನು ಅವರ ಮಾತೃಭಾಷೆಯಲ್ಲಿ ಹೇಳಿ ನೆನಪಿಟ್ಟುಕೊಳ್ಳುವಂತೆ ತಿಳಿಸಿ, ಇಂದು ಯಾವ ದಿನ, ಈಗ ನಾವು ಎಲ್ಲಿದ್ದೇವೆ ಎಂದು ವಿಚಾರಿಸಿ, ನಂತರ ಆ ಪದಗಳನ್ನು ಕೇಳಿ. ಎರಡನೆಯದು ಚಲನೆ. ಗೋಡೆಗೆ ಒರಗಿಸಿದ ಗಟ್ಟಿ ಕುರ್ಚಿಯಿಂದ, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಐದು ಬಾರಿ ಎದ್ದು ಕೂರಲು 14 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕಾಲಿನ ಬಲ ಕುಂದಿದೆ ಎಂದರ್ಥ. ಪರೀಕ್ಷೆಯ ವೇಳೆ ಒಬ್ಬರು ಪಕ್ಕದಲ್ಲೇ ನಿಂತಿರಲೇಬೇಕು. ಕೋಲಿಲ್ಲದೆ ನಿಲ್ಲಲಾಗದವರಿಂದ ಇದನ್ನು ಮಾಡಿಸಬೇಡಿ. ಮೂರನೆಯದು ಪೋಷಣೆ: ಕಳೆದ ಮೂರು ತಿಂಗಳಲ್ಲಿ ಪ್ರಯತ್ನವಿಲ್ಲದೆಯೇ 3 ಕಿಲೋಗಿಂತ ಹೆಚ್ಚು ತೂಕ ಇಳಿದಿದೆಯೇ, ಊಟ ಸೇರುತ್ತಿಲ್ಲವೇ? ತೂಕ ಗೊತ್ತಿಲ್ಲದಿದ್ದರೆ ಬಳೆ, ಉಂಗುರ, ರವಿಕೆ ಸಡಿಲವಾಗಿವೆಯೇ ಎಂದು ಕೇಳಿ. ನಾಲ್ಕನೆಯದು ದೃಷ್ಟಿ, ಐದನೆಯದು ಶ್ರವಣ; ಹಿಂದಿನಿಂದ ತೋಳಿನಷ್ಟು ದೂರದಲ್ಲಿ ನಿಂತು, ಒಂದು ಕಿವಿ ಮುಚ್ಚಿಸಿ, ಪಿಸುದನಿಯಲ್ಲಿ ನಾಲ್ಕು ಪದ ಹೇಳಿ ಅವರಿಂದ ಮರಳಿ ಹೇಳಿಸಬಹುದು.

ಆರನೆಯದು ಮನಸ್ಸು. ಕಳೆದ ಎರಡು ವಾರಗಳಲ್ಲಿ ಬೇಸರ, ನಿರಾಶೆ ಕಾಡಿದೆಯೇ, ಮೊದಲು ಇಷ್ಟವಾಗುತ್ತಿದ್ದುದರಲ್ಲಿ ಆಸಕ್ತಿ ಹೋಗಿದೆಯೇ ಎಂಬ ಎರಡೇ ಪ್ರಶ್ನೆ. 2018ರ ಆಗಸ್ಟಿನ ಭೂಕುಸಿತದ ನಂತರ ಜಂಬೂರು, ಕರ್ಣಂಗೇರಿ, ಮದೆನಾಡಿನ ಹೊಸ ಬಡಾವಣೆಗಳಿಗೆ ಬಂದ ಹಿರಿಯರನ್ನು ಕೇಳುವಾಗ ಇನ್ನಷ್ಟು ಸಾವಧಾನ ಇರಲಿ. ಅವರು ಕಳೆದುಕೊಂಡದ್ದು ಮನೆಯೊಂದನ್ನೇ ಅಲ್ಲ, ನೆರೆಹೊರೆಯನ್ನೂ. ಬದುಕು ಸಾಕೆಂಬ ಮಾತು ಯಾರಿಂದಲಾದರೂ ಬಂದರೆ ಅವರನ್ನು ಒಂಟಿಯಾಗಿ ಬಿಟ್ಟು ಹೊರಡಬೇಡಿ; ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಅಲ್ಲಿಂದಲೇ ಕರೆ ಮಾಡಿ, ವೈದ್ಯರಿಗೆ ತಿಳಿಸಿ.

ರಕ್ತದೊತ್ತಡವನ್ನು ಐದು ನಿಮಿಷ ಕುಳ್ಳಿರಿಸಿದ ಮೇಲೆ ಅಳೆಯಿರಿ. 140/90 ದಾಟಿದರೆ "ನಿಮಗೆ ಬಿಪಿ ಇದೆ" ಎಂದು ಘೋಷಿಸದೆ ಆರೋಗ್ಯ ಕೇಂದ್ರಕ್ಕೆ ಕಳುಹಿಸಿ, ಏಕೆಂದರೆ ಒಂದು ಅಳತೆ ರೋಗನಿರ್ಣಯವಲ್ಲ. 180/110 ಮುಟ್ಟಿದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಜೊತೆಗೆ ಎದೆನೋವು, ಏದುಸಿರು, ಮಾತು ತೊದಲುವಿಕೆ ಇದ್ದರೆ 108. ಸ್ವಯಂಸೇವಕರು ಮಾತ್ರೆ ಬದಲಿಸುವ ಸಲಹೆಯನ್ನು ಯಾವ ಕಾರಣಕ್ಕೂ ಕೊಡಬಾರದು.

ಹಂತ 5: ಅಗತ್ಯಗಳನ್ನು ವಿಂಗಡಿಸಿ

ಮನೆಭೇಟಿ ಮುಗಿದ ಮೇಲೆ ಪುಸ್ತಕವನ್ನು ಮುಂದಿಟ್ಟುಕೊಂಡು ಊರೇ ಮಾಡಿಕೊಳ್ಳಬಹುದಾದದ್ದು, ಆರೋಗ್ಯ ಇಲಾಖೆ ಮಾಡಬೇಕಾದದ್ದು, ಪಂಚಾಯಿತಿ ಮಾಡಬೇಕಾದದ್ದು ಎಂದು ಬೇರ್ಪಡಿಸಿ. ಅಂಗಳದ ಪಾಚಿ ಕೆರೆಯುವುದು ಊರಿನ ಕೆಲಸ, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಕಳುಹಿಸುವುದು ಇಲಾಖೆಯ ಕೆಲಸ, ಹಾಡಿಯ ದಾರಿಗೆ ಮೆಟ್ಟಿಲು ಕಟ್ಟಿಸುವುದು ಪಂಚಾಯಿತಿಯ ಕೆಲಸ. ಹೆಚ್ಚು ಜನ ಹೇಳಿದ್ದೇ ಮೊದಲ ಅಗತ್ಯವೆಂದು ಭಾವಿಸಬೇಡಿ. ನಡೆಯಲಾಗದ ಆರು ಮಂದಿಯ ಅಗತ್ಯ, ಮೊಣಕಾಲು ನೋವೆಂದು ಹೇಳಿದ ಅರವತ್ತು ಮಂದಿಯ ಅಗತ್ಯಕ್ಕಿಂತ ಮುಂದೆ ಬರಬಹುದು.

ಕಾಯಿಲೆಯ ವಿವರವಿರುವ ಪುಟಗಳ ಚಿತ್ರ ತೆಗೆದು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ಎಷ್ಟೇ ಸದುದ್ದೇಶದ್ದಾಗಿದ್ದರೂ ಅಪಚಾರವೇ. ಹೊರಗೆ ಹೋಗಬೇಕಾದ್ದು ಒಟ್ಟು ಸಂಖ್ಯೆ ಮಾತ್ರ.

ಹಂತ 6: ಗ್ರಾಮಸಭೆಗೆ ಒಯ್ಯಿರಿ

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಎಂಬುದೊಂದು ಪ್ರತಿ ಕಂದಾಯ ಗ್ರಾಮಕ್ಕೂ ಇರುತ್ತದೆ. ಅದಕ್ಕೆ ವರ್ಷಕ್ಕೆ 10,000 ರೂಪಾಯಿವರೆಗೆ ನಿರ್ಬಂಧರಹಿತ ಅನುದಾನಕ್ಕೆ, ಅಂದರೆ ಊರಿನ ಅಗತ್ಯಕ್ಕೆ ತಕ್ಕಂತೆ ಸಮಿತಿಯೇ ಖರ್ಚು ನಿರ್ಧರಿಸಬಹುದಾದ ಹಣಕ್ಕೆ, ಅವಕಾಶವಿದೆ. ದೊಡ್ಡ ಮೊತ್ತದ ಕೆಲಸಗಳು ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯಲ್ಲಿ ಸೇರಬೇಕು. ಆ ಯೋಜನೆ ತಯಾರಿಸುವ ಅಭಿಯಾನ ಸಾಮಾನ್ಯವಾಗಿ ಅಕ್ಟೋಬರ್ 2ರಂದು ಆರಂಭವಾಗುತ್ತದೆ. ಮನವಿಯನ್ನು ಒಂದು ಪುಟಕ್ಕೆ ಮಿತಿಗೊಳಿಸಿ, ಕೇಳಿಕೆ ಮೂರನ್ನು ಮೀರದಿರಲಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಂದ ಸ್ವೀಕೃತಿ ಸಹಿ ಪಡೆಯಿರಿ. ಗ್ರಾಮಸಭೆಗೆ ಹಿರಿಯರನ್ನೇ ಕರೆದೊಯ್ಯಲು ವಾಹನದ ಏರ್ಪಾಡು ಮಾಡಿ. ಅವರ ಬಾಯಿಂದ ಬಂದ ಎರಡು ಮಾತಿಗೆ ಇರುವ ತೂಕ ನಿಮ್ಮ ಮನವಿಗೆ ಇರುವುದಿಲ್ಲ.

ಹಂತ 7: ಒಂದೇ ಸೇವೆಯಿಂದ ಆರಂಭಿಸಿ

ಅನುದಾನಕ್ಕೆ ಕಾಯದೆ ಮಾಡಬಹುದಾದ ಕೆಲಸಗಳಲ್ಲಿ ಮಳೆಗಾಲದ ಸಿದ್ಧತೆಗೆ ನಾನು ಮೊದಲ ಸ್ಥಾನ ಕೊಡುತ್ತೇನೆ. ಮೇ ತಿಂಗಳ ಕೊನೆಯೊಳಗೆ ಅಂಗಳ, ಬಚ್ಚಲು, ಹೊರಗಿನ ಶೌಚಾಲಯದ ದಾರಿಗಳ ಪಾಚಿ ಕೆರೆದು ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ. ಶೌಚಾಲಯದ ಗೋಡೆಗೆ ಹಿಡಿಕೆ ಹಾಕಿಸಿ, ಕೊಳವೆಯ ತುಂಡಾದರೂ ಸರಿ, ಗಟ್ಟಿಯಾಗಿರಲಿ. ಹಾಸಿಗೆಯ ಪಕ್ಕದಲ್ಲಿ ಟಾರ್ಚ್ ಇರಿಸಿ. ನಿತ್ಯ ಮಾತ್ರೆ ನುಂಗುವವರಿಗೆ ಮಳೆಯ ಆರಂಭದಲ್ಲಿ ಎಷ್ಟು ದಿನಗಳ ಮಾತ್ರೆ ಒಟ್ಟಿಗೆ ಕೊಡಬಹುದೆಂದು ವೈದ್ಯರನ್ನು ಕೇಳಿ, ಡಬ್ಬಿಯನ್ನು ಒಲೆಯ ಮೇಲಿನ ಅಟ್ಟದಲ್ಲಲ್ಲ, ಒಣಗಿದ ತಂಪು ಜಾಗದಲ್ಲಿ ಇಡಿಸಿ. ಒಂಟಿ ಹಿರಿಯರೊಬ್ಬೊಬ್ಬರಿಗೂ ದಿನಕ್ಕೊಮ್ಮೆ ವಿಚಾರಿಸುವ ಒಂದು ಹತ್ತಿರದ ಮನೆಯನ್ನು ಗೊತ್ತುಮಾಡಿ. ನೆಟ್‌ವರ್ಕ್ ಇಲ್ಲದ ದಿನ ಫೋನಿನ ಬದಲು ನಡೆದು ಹೋಗುವವರು ಯಾರೆಂಬುದೂ ಮೊದಲೇ ತೀರ್ಮಾನವಾಗಿರಲಿ.

ಎರಡನೆಯ ಕೆಲಸ ವಾರಕ್ಕೆ ಎರಡು ಮೂರು ದಿನಗಳ ಸಾಮೂಹಿಕ ವ್ಯಾಯಾಮ. 65 ದಾಟಿದವರಿಗೆ ವಾರದಲ್ಲಿ 150 ನಿಮಿಷವಾದರೂ ಸಾಧಾರಣ ಚಟುವಟಿಕೆ ಮತ್ತು ಮೂರು ದಿನ ಸಮತೋಲನದ ವ್ಯಾಯಾಮ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಪಟ್ಟಣದವರು ಇದನ್ನು ಓದಿ ಬೆಳಗಿನ ವಾಕಿಂಗ್ ಹೇಳಿಬಿಡುತ್ತಾರೆ. ಮಂಜು ಮುಸುಕಿದ ತೋಟದ ದಾರಿಯಲ್ಲಿ, ಆನೆ ಎದುರಾಗುವ ಕಡೆ, ಆ ಸಲಹೆ ಅಪಾಯಕಾರಿ. ಬಿಸಿಲೇರಿದ ಮೇಲೆ ಹತ್ತು ಗಂಟೆಯ ಹೊತ್ತಿಗೆ ಸಮುದಾಯ ಭವನದಲ್ಲೋ ಪಂಚಾಯಿತಿ ಗ್ರಂಥಾಲಯದಲ್ಲೋ ಕುರ್ಚಿ ಹಿಡಿದು ಎದ್ದು ಕೂರುವುದು, ಹಿಮ್ಮಡಿ ಎತ್ತುವುದು, ಆಸರೆಯೊಂದಿಗೆ ಒಂಟಿ ಕಾಲಿನಲ್ಲಿ ನಿಲ್ಲುವುದು ಸಾಕು. ಅದೇ ಸೇರುವಿಕೆಯಲ್ಲಿ ತಿಂಗಳಿಗೊಮ್ಮೆ ರಕ್ತದೊತ್ತಡ ಅಳೆಯಬಹುದು, ಆಹಾರದ ಮಾತನಾಡಬಹುದು. ದಿನಕ್ಕೆ ಒಟ್ಟು ಉಪ್ಪು ಒಂದು ಟೀ ಚಮಚ, ಅಂದರೆ 5 ಗ್ರಾಂ ಒಳಗಿರಬೇಕೆಂದರೆ ಮಳೆಗಾಲದ ಒಣಮೀನು, ಉಪ್ಪಿನಕಾಯಿಗಳ ಲೆಕ್ಕವನ್ನೂ ಅದರಲ್ಲೇ ಹಿಡಿಯಬೇಕು. ಒಬ್ಬರೇ ಇರುವವರು ಗಂಜಿ ಉಪ್ಪಿನಕಾಯಿಯಲ್ಲೇ ದಿನ ದೂಡುತ್ತಾರೆ. ಅವರಿಗೆ ಮೊಟ್ಟೆ, ಬೇಳೆ, ಹುರುಳಿ ಸೇರಿಸುವ ದಾರಿ ಹೇಳುವುದಕ್ಕಿಂತ, ತಿಂಗಳಲ್ಲಿ ಒಂದೆರಡು ಬಾರಿಯಾದರೂ ಒಟ್ಟಿಗೆ ಊಟ ಮಾಡಿಸುವುದು ಹೆಚ್ಚು ಫಲ ಕೊಡುತ್ತದೆ.

ಬರುವ ದಾರಿಯ ಬಗ್ಗೆ ಮೊದಲೇ ಯೋಚಿಸಿ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಮಹಿಳೆಯರಿಗೆ ಸರ್ಕಾರಿ ಬಸ್ಸುಗಳಲ್ಲಿ ಮಾತ್ರ. ನಮ್ಮ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಆದ್ದರಿಂದ ಎಲ್ಲರನ್ನೂ ಒಂದೇ ಕಡೆಗೆ ಕರೆಯುವ ಬದಲು ತೋಟದ ಲೈನಿನ ಬಳಿ ಒಂದು, ಹಾಡಿಯಲ್ಲಿ ಒಂದು, ರಸ್ತೆಬದಿಯಲ್ಲಿ ಒಂದು ಎಂದು ಚಿಕ್ಕ ಸೇರುವಿಕೆಗಳನ್ನು ಮಾಡುವುದೇ ಮೇಲು.

ಹಂತ 8: ಆರು ತಿಂಗಳಿಗೆ ಮತ್ತೆ ನೋಡಿ

ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣ ಕಳೆದ ಮೇಲೆ ಅದೇ ಪುಸ್ತಕ ಹಿಡಿದು ಅದೇ ಮನೆಗಳಿಗೆ ಹೋಗಿ. ಎಷ್ಟು ಜನ ಬಂದರು ಎಂಬುದನ್ನು ಎಣಿಸುವುದು ಸುಲಭ. ಬಾರದವರು ಯಾರು, ಏಕೆ ಎಂಬುದನ್ನು ಬರೆಯಿರಿ. ಮಳೆಯಲ್ಲಿ ಬಿದ್ದವರೆಷ್ಟು, ಮಾತ್ರೆ ತಪ್ಪಿದವರೆಷ್ಟು, ಕುರ್ಚಿಯಿಂದ ಏಳುವ ಸಮಯ ಇಳಿದಿದೆಯೇ ಎಂಬ ಮೂರು ಲೆಕ್ಕ ಸಾಕು. ಆಶಾ ಕಾರ್ಯಕರ್ತೆ ಕೆಲಸ ಬಿಟ್ಟು ಅಥವಾ ಸಮುದಾಯ ಆರೋಗ್ಯ ಅಧಿಕಾರಿ ವರ್ಗವಾಗಿ ಹೊಸಬರು ಬಂದಾಗ ಕೆಲಸ ನಿಂತುಹೋಗುವುದು ಸಾಮಾನ್ಯ. ಹಾಗಾಗದಂತೆ ಪುಸ್ತಕದ ಒಂದು ಪ್ರತಿ ಆರೋಗ್ಯ ಕೇಂದ್ರದಲ್ಲಿ ಬೀಗದೊಳಗೆ ಇರಲಿ, ಹೊಸಬರನ್ನು ಮೊದಲ ವಾರದಲ್ಲೇ, ಮನೆಯಿಂದ ಹೊರಬರಲಾಗದ ಹಿರಿಯರ ಮನೆಗಳಿಗೆ ನೀವೇ ಕರೆದೊಯ್ಯಿರಿ.